ಅರ್ಧ ತಾಸಿನ ಬಿಡಾರ

ಧೋಬಿ ತಲಾವಿನ ಕೋರ್ಟಿನ ಮೆಟ್ಟಿಲ ಕೆಳಗೆ
ನನ್ನ ಮೇಜು. ಇಪ್ಪತ್ತಾರು ವರ್ಷದಿಂದ
ಬಾಡಿಗೆಯ ಕಾಗದ ಟೈಪು ಮಾಡುತ್ತೇನೆ:
ಹನ್ನೊಂದು ತಿಂಗಳ ಕರಾರು, ಬಿಡಿಸುವ ನೋಟೀಸು, ಅದಕ್ಕೆ ಉತ್ತರ.
ಮೊದಲು ರೆಮಿಂಗ್ಟನ್. ಆಮೇಲೆ ಈ ಕಂಪ್ಯೂಟರು,
ಮಳೆ ಬಂದರೆ ಮುನಿಯುತ್ತದೆ,
ಒಳಗಿನ ಪಂಖ ತಿರುಗಿದರೆ ಹಿಟ್ಟಿನ ಗಿರಣಿ.

ನೋಟರಿಯ ಹುಡುಗಿ ಪ್ರಾಜಕ್ತಾ ನಾಲ್ಕೂ ನಲವತ್ತಕ್ಕೆ ಬಂದು
"ಕಾಕೂ, ಸರಕಾ ಜರಾ" ಎಂದು ನನ್ನ ಸ್ಟೂಲಿನ ಅರ್ಧ ಹಿಡಿದು
ಎಂಥದೋ ವಿಳಾಸ ಒತ್ತಿದಳು.
ಕಿಟಕಿಯೊಳಗೆ ಇನ್ನೊಂದು ಕಂಪ್ಯೂಟರು ಎದ್ದಿತು.
ಪೂರ್ತಿ ಕಂಪ್ಯೂಟರು. ಅದಕ್ಕೂ ಕಸದ ಬುಟ್ಟಿ, ಗಡಿಯಾರ,
ಅದಕ್ಕೂ ಒಂದು ಕಿಟಕಿ.
"ಫುಕಟ್," ಎಂದಳು. "ಅರ್ಧ ತಾಸು. ಆಮೇಲೆ ಎಲ್ಲ ಅಳಿಸಿಹೋಗುತ್ತದೆ."

ನನಗೆ ಪೋಟಮಾಳಾ ನೆನಪಾಯಿತು.
ಚಿರಾಬಜಾರಿನ ಹತ್ತು ಹನ್ನೆರಡರ ಖೋಲಿಯಲ್ಲಿ
ಅಪ್ಪ ಹಲಗೆ ಬಡಿದು ಖೋಲಿಯೊಳಗೇ ಎತ್ತಿದ ಇನ್ನೊಂದು ಖೋಲಿ.
ನಾವು ಮಕ್ಕಳು ಮಲಗಿದ್ದು ಅಲ್ಲಿ, ಓದಿದ್ದು ಅಲ್ಲಿ,
ನಾನು ದೊಡ್ಡವಳಾದದ್ದೂ ಅಲ್ಲೇ. ನೆಟ್ಟಗೆ ನಿಂತದ್ದು ಮಾತ್ರ ಇಲ್ಲ.
ಅದಕ್ಕೊಂದು ಏಣಿ ಇತ್ತು. ಇದಕ್ಕೆ ಅದೂ ಬೇಡ.

ಮಾಲಕ ಯಾರು ಅಂತ ಕೇಳಿದೆ. ಗೊತ್ತಿಲ್ಲ.
ಪಗಡಿ? ಇಲ್ಲ. ಡಿಪಾಸಿಟ್? ಇಲ್ಲ.
ಪೋಲೀಸ್ ಸ್ಟೇಶನ್ನಿನ ಫಾರ್ಮು?
ಮೀನು ತಿನ್ನುವವರಿಗೆ ಕೊಡುತ್ತಾರಾ?
ಹುಡುಗಿ ನಕ್ಕಳು. ನಾನು ನಗಲಿಕ್ಕೆ ಕೇಳಿದ್ದಲ್ಲ.

ಹೊಸ ಮನೆಗೆ ಹೋದರೆ ಮೊದಲು ಹಾಲು ಉಕ್ಕಿಸಬೇಕು.
ಇಲ್ಲಿ ಏನು ಉಕ್ಕಿಸುವುದು? ಹೆಸರು ಬರೆಯೋಣ ಅಂತ
ಕನ್ನಡದಲ್ಲಿ ವಾರಿಜಾ ಎಂದು ಒತ್ತಿದೆ.
ಚೌಕ, ಚೌಕ, ಚೌಕ. ಆರು ಚೌಕ ಬಿದ್ದವು.
"ಅದರ ಹತ್ತಿರ ನಿಮ್ಮ ಲಿಪಿ ಇಲ್ಲ, ಕಾಕೂ."
ಮೂರಕ್ಷರಕ್ಕೆ ಆರು ಹೇಗೆ? ಮತ್ತೆ ಎಣಿಸಿದೆ.
ವಕಾರಕ್ಕೊಂದು ಖೋಲಿ, ಅದರ ಇಳಿಗೊಂದು,
ರಕಾರಕ್ಕೊಂದು, ಅದರ ಗುಡಿಸಿಗೊಂದು...
ಎಂಟು ಜನರ ನಡುವೆ ಮಗ್ಗಲು ಬದಲಿಸಲಿಕ್ಕೂ
ಕೇಳಿ ಬದಲಿಸುತ್ತಿದ್ದವಳ ಹೆಸರಿನಲ್ಲಿ
ಇಳಿಗೂ ಗುಡಿಸಿಗೂ ಬೇರೆ ಬೇರೆ ಮನೆ.
ಒಳಗೆ ಮಾತ್ರ ಯಾರೂ ಕಾಣಿಸುವುದಿಲ್ಲ.

ಅದರ ಗಡಿಯಾರ ಹನ್ನೊಂದು ಹದಿನೆಂಟು ತೋರಿಸುತ್ತಿತ್ತು.
ಕೆಟ್ಟಿದೆ ಅಂದೆ. ಕೆಟ್ಟಿಲ್ಲವಂತೆ, ಅದು ಬೇರೆಲ್ಲಿಯದೋ ವೇಳೆ.
ಬೆಂಚಿನಲ್ಲಿ ಪೆಡ್ನೇಕರ್ ಕೂತಿದ್ದರು,
ಹದಿನಾರನೇ ಕೋರ್ಟಿನಲ್ಲಿ ಒಂದು ಗಂಟೆಗೆ ಸೋತವರು,
ಊಟದ ಡಬ್ಬಿ ತೆರೆದಿರಲಿಲ್ಲ.
ಅಲ್ಲಿ ಹನ್ನೊಂದು ಹದಿನೆಂಟು. ಅಲ್ಲಿ ಇನ್ನೂ ಪುಕಾರಾಗಿಲ್ಲ,
ಅಲ್ಲಿ ಅವರ ವಕೀಲ ಚಹಾ ಕುಡಿಯುತ್ತ
"ಕಾಳಜಿ ಬೇಡ" ಅನ್ನುತ್ತಿದ್ದಾನೆ.
ಪರದೆಯನ್ನು ಅವರ ಕಡೆ ತಿರುಗಿಸಲೇ ಅನಿಸಿತು.
ತಿರುಗಿಸಲಿಲ್ಲ. ತೋರಿಸಿ ಏನು ಹೇಳುವುದು?

ಉಳಿದ ಹೊತ್ತು ಬೆರಳು ತಾನಾಗಿ ಕೆಲಸಕ್ಕೆ ಹೋಯಿತು.
ಇಂಗ್ಲಿಷಿನಲ್ಲಿ, ಬಾಯಿಪಾಠದ ಕರಾರು:
ಜಾಗ, ಒಂದು ನೀಲಿ ಬಯಲು. ಬಾಡಿಗೆ, ಇಲ್ಲ.
ಅವಧಿ ಅರ್ಧ ತಾಸು, ಅದರಲ್ಲಿ ಹತ್ತೊಂಬತ್ತು ನಿಮಿಷ ಕಳೆದಿದೆ.
ಗೋಡೆಗೆ ಮೊಳೆ ಹೊಡೆಯತಕ್ಕದ್ದಲ್ಲ.
ಒಳಬಾಡಿಗೆ ಕೊಡತಕ್ಕದ್ದಲ್ಲ.
ಅವಧಿ ಮುಗಿದ ಕೂಡಲೇ ಶಾಂತ ರೀತಿಯಲ್ಲಿ
ಖಾಲಿ ಸ್ವಾಧೀನ ಒಪ್ಪಿಸತಕ್ಕದ್ದು.
ಈ ಸಾಲು ಎಷ್ಟು ಸಾವಿರ ಸಲ ಹೊಡೆದಿದ್ದೇನೋ.
ಶಾಂತ ರೀತಿಯಲ್ಲಿ ಹೋದವರನ್ನು ನೋಡಿದ್ದು ಕಡಿಮೆ.

ಐದೂ ಹತ್ತಕ್ಕೆ ನೀಲಿ ಹೋಯಿತು.
ಬೇಲಿಫ್ ಬರಲಿಲ್ಲ, ಪಂಚರು ಬರಲಿಲ್ಲ,
ಪಾತ್ರೆಪಗಡ ಹೊರಗೆ ಬೀಳುವ ಸದ್ದಿಲ್ಲ.
ಪ್ರಾಜಕ್ತಾ ಮತ್ತೆ ಒತ್ತಿ ತೋರಿಸಿದಳು: ಅದೇ ಬಯಲು,
ಕಸದ ಬುಟ್ಟಿಯಲ್ಲೂ ನಾನಿಲ್ಲ.
"ಬೇಕಾದರೆ ಇನ್ನೊಂದು ಅರ್ಧ ತಾಸು ಇರಿ."

ಪೆಡ್ನೇಕರ್ ಎದ್ದು ಬಂದು
ಅಪೀಲಿಗೆ ಎಷ್ಟು ದಿನ ಅಂತ ಕೇಳಿದರು.
ಮೂವತ್ತು ಅಂದೆ.
ಹೆಸರು ಹೇಳಿ, ಪೂರ್ತಿ ಹೇಳಿ, ತಂದೆಯ ಹೆಸರು ಸೇರಿಸಿ, ಎನ್ನುತ್ತ
ಸ್ಟೂಲಿನ ನನ್ನ ಅರ್ಧ ವಾಪಸು ತಗೊಂಡು
ಹಳೆಯ ಗಿರಣಿಯ ಮೇಲೆ ಬೆರಳಿಟ್ಟೆ.