ಪೂಲ್ತ್ರ

ನಿಘಂಟಿಗೆ ಸಿಗದ ಮಾತು ಹುಡುಕಿ ತರುವುದು ನನ್ನ ನೌಕರಿ.
ಸಂಬಳ, ಹಡಗಿನ ಖರ್ಚು, ಎರಡು ವರ್ಷಕ್ಕೊಂದು ಮಳೆಯಂಗಿ.
ಚೀಟಿಯಲ್ಲಿ ಮೂರು ಗೆರೆ: ಪದ, ಅರ್ಥ, ಹೇಳಿದವರು.
ಅರ್ಥದ ಗೆರೆ ಖಾಲಿ ಬಿಟ್ಟರೆ ಟೋರ್ಶಾವ್ನ್ ಕಚೇರಿಯವರು
ಚೀಟಿಯನ್ನು ಮುಟ್ಟುವುದೂ ಇಲ್ಲ.

ಸಾಂಡೊಯ್ ದ್ವೀಪದಲ್ಲಿ ಇಳಿದ ದಿನ
ಗಾಳಿ ನನ್ನ ಟೋಪಿ ಕಿತ್ತು ಕುರಿಗಳ ಕಡೆ ಎಸೆಯಿತು.
ಮುದುಕಿ ಸುನ್ವಾಳ ಬಾಗಿಲು ತಟ್ಟಿದೆ.
ತೆಗೆಯುವ ಮೊದಲೇ, ಹಲಗೆಯ ಆಚೆ,
ಯಾರೋ ಯಾರಿಗೋ ಮೆಲ್ಲಗೆ ಅಂದದ್ದು ಕಿವಿಗೆ ಬಿತ್ತು:
ಪೂಲ್ತ್ರ.
ಬಿಸಿ ಆಲೂಗಡ್ಡೆಯನ್ನು ಬಾಯಲ್ಲಿ ಹೊರಳಿಸಿದಂಥ ಸದ್ದು.

ಕೂರಿಸಿದಳು, ಕಾಫಿ ಕೊಟ್ಟಳು.
ಒಣಗಿದ ಕುರಿಮಾಂಸವನ್ನು ಚಾಕುವಿನಲ್ಲಿ ಸೀಳುತ್ತ
ಬೇಲಿ ಹಾರುವ ಕುರಿಗೆ ಒಂದು ಮಾತು,
ಒಂದೇ ಮಗ್ಗುಲು ಬೆಂದ ರೊಟ್ಟಿಗೆ ಒಂದು,
ಪ್ರಾರ್ಥನೆಯ ನಡುವೆ ಬರುವ ತೇಗಿಗೆ ಎರಡು
(ಗಂಡಸರದಕ್ಕೊಂದು, ಪಾದ್ರಿಯದಕ್ಕೊಂದು)
ಮೊಗೆಮೊಗೆದು ಕೊಟ್ಟಳು. ಬರೆದೇ ಬರೆದೆ.
ಏಳುವಾಗ ಕೇಳಿದೆ:
ನಾನು ಹೊರಗಿದ್ದಾಗ ಏನೋ ಅಂದಿರಲ್ಲ?

ಅದಾ? ಮೀನಿನ ಬೆನ್ನ ಮೇಲಿನ ಪೊರೆ, ಅಂದಳು,
ಚಾಕುವಿನಿಂದ ಕಣ್ಣೆತ್ತದೆ.

ಪಕ್ಕದ ಮನೆಯ ರಾಕುಲ್ ಚೀಟಿ ಓದಿಸಿಕೊಂಡು ಕೇಳಿದಳು.
ಪೊರೆಯಂತೆ ಪೊರೆ! ಮೂಡಣದ ಒಣಗಾಳಿ ಅದು,
ಸುನ್ವಾಳಿಗೆ ಅರಳುಮರಳು.
ಹೊಡೆದುಹಾಕಿ ಬರೆದುಕೊಂಡೆ.

ವೃದ್ಧಾಶ್ರಮದ ಮಂಚದಲ್ಲಿ ಬಿಲ್‌ಹಿಲ್ಡ್ ನಕ್ಕಳು,
ಕಟ್ಟಿಸಿದ ಹಲ್ಲು ಹೊದಿಕೆಗೆ ಬೀಳುವಷ್ಟು ನಕ್ಕಳು.
ಪೊರೆಯೂ ಅಲ್ಲ, ಗಾಳಿಯೂ ಅಲ್ಲವೇ?
ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ.
ಮೀನು ತೊಳೆಯುವ ಬಯಲಿನ ಕತೆ ತೆಗೆದಳು.

ನಮಗೆ ಹದಿನಾಲ್ಕು, ಹದಿನೈದು. ಮಾರ್ಚಿ ತಿಂಗಳು.
ತೊಟ್ಟಿಯ ಮೇಲಿನ ಹಿಮ ಒಡೆದು ಕೈ ಇಳಿಸಬೇಕು.
ಉಪ್ಪು ತಿಂದ ಮೀನು, ಉಪ್ಪು ತಿಂದ ಬೆರಳು,
ಯಾವುದು ಯಾವುದೆಂದು ಮಧ್ಯಾಹ್ನಕ್ಕೆ ಗೊತ್ತಾಗುತ್ತಿರಲಿಲ್ಲ.
ಮೇಸ್ತ್ರಿ ಪೌಲಿ ಬಂದು ನಿಲ್ಲುತ್ತಿದ್ದ, ಒಂದು ಪುಸ್ತಕ ಹಿಡಿದು.
ಮೀನು ಬಿರಿದಿದ್ದರೆ ಅದರಲ್ಲಿ ಬರೆಯುತ್ತಿದ್ದ, ಕೂಲಿ ಮುರಿಯುತ್ತಿದ್ದ.
ಕೈ ಬಿರಿದದ್ದಕ್ಕೆ ಅವನ ಪುಸ್ತಕದಲ್ಲಿ ಕಾಲಮ್ಮು ಇರಲಿಲ್ಲ.
ಯಾರು ಹಾಡಿದರು, ಯಾರು ಕೂತರು,
ಯಾರು ಗೋಡೆಯ ಮರೆಗೆ ಹೋಗಿ ಬರಲು ತಡ ಮಾಡಿದರು,
ಅದಕ್ಕೆಲ್ಲ ಇತ್ತು.

ಮತ್ತೆ ಪೂಲ್ತ್ರ? ಎಂದೆ.

ಅದಕ್ಕೊಂದು ಅರ್ಥ ಇದೆ ಅಂತ
ನಿನಗೆ ಹೇಳಿದವರು ಯಾರಪ್ಪಾ, ಅಂದಳು.
ದಾದಿ ಬಂದು ಕಿಟಕಿ ಮುಚ್ಚಿದಳು.

ನವೆಂಬರಿನಲ್ಲಿ ಸುನ್ವಾ ಹೋದಳೆಂದು ತಿಳಿಯಿತು.
ಕಚೇರಿಯ ಖರ್ಚಲ್ಲ, ನನ್ನದೇ ಖರ್ಚಿನಲ್ಲಿ ಹೊರಟೆ.
ಸಮುದ್ರ ಕೆಟ್ಟಿತ್ತು, ಹೂಳಿದ ಮೇಲೆ ತಲುಪಿದೆ.
ಇಗರ್ಜಿಯ ಪಕ್ಕದ ಕೋಣೆಯಲ್ಲಿ ಗಿಜಿಗಿಜಿ ಹೆಂಗಸರು,
ಕಾಫಿಯ ಹಬೆ, ಒದ್ದೆ ಉಣ್ಣೆಯ ವಾಸನೆ,
ಯಾರೋ ಸುನ್ವಾಳ ಹಾಗೆ ಕುಂಟಿ ತೋರಿಸುತ್ತಿದ್ದರು,
ಎಲ್ಲರೂ ಅಳುತ್ತ ನಗುತ್ತಿದ್ದರು.

ಹೊಸ್ತಿಲಲ್ಲಿ ನಿಂತೆ. ಹೆಗಲಿಗೆ ಅದೇ ಚೀಲ.
ಕರವಸ್ತ್ರಕ್ಕೆಂದು ಜೇಬಿಗೆ ಕೈ ಹಾಕಿದೆ, ಅಷ್ಟೆ.

ಪೂಲ್ತ್ರ, ಅಂದಳು ರಾಕುಲ್, ಬಟ್ಟಲಿನೊಳಕ್ಕೆ.

ಕುಂಟುತ್ತಿದ್ದವಳು ಸರಿಯಾಗಿ ನಡೆದು ಕುರ್ಚಿಗೆ ಹೋದಳು.
ಪಿಟ್ಟೆನ್ನಲಿಲ್ಲ ಒಬ್ಬರೂ.
ಒಬ್ಬಳು ಕೇಕಿನ ತಟ್ಟೆ ಮುಂದೆ ಹಿಡಿದಳು.
ಕಡಲು ಹೇಗಿತ್ತು? ಎಂದು ಇನ್ನೊಬ್ಬಳು, ಬಹಳ ಮರ್ಯಾದೆಯಿಂದ.

ಕೆಟ್ಟದಾಗಿತ್ತು, ಎಂದೆ. ಎರಡು ತುಂಡು ತಿಂದೆ.

ವಾಪಸು ಹಡಗಿನಲ್ಲಿ ಚೀಟಿ ತೆಗೆದು ನೋಡಿದೆ:
ಪೊರೆ, ಹೊಡೆದುಹಾಕಿದ್ದು. ಗಾಳಿ.
ಅದನ್ನೂ ಹೊಡೆದುಹಾಕಿದೆ.
ಪೆನ್ನಿನಲ್ಲಿ ಮಸಿ ಇತ್ತು, ಮೂರನೆಯದಕ್ಕೆ ಜಾಗವೂ ಇತ್ತು.

ಮೇಜು ಅಲ್ಲಾಡುತ್ತಿತ್ತು.
ನಾಲ್ಕಾಗಿ ಮಡಚಿ ಅದರ ಕಾಲಿನಡಿ ಇಟ್ಟೆ.
ಕೊಲ್ಲಿಯ ತಿರುವು ದಾಟುವವರೆಗೂ
ಚಹಾ ಚೆಲ್ಲಲಿಲ್ಲ.