ಕಡಲಿಗೆ ಗೇಣಿ

ವಿರಾಜಪೇಟೆಯ ಕಾನ್ವೆಂಟಿನಲ್ಲಿ ಭೂಗೋಳ ಮುಚ್ಚಿಟ್ಟು
ಸಿಸ್ಟರ್ ಓನಾ ಹೇಳುತ್ತಿದ್ದರು ತಮ್ಮೂರ ಕಡಲದೇವರ ಕತೆ:
ಮನನ್ನಾನ್.
ಹುಟ್ಟಿಲ್ಲ, ಹಾಯಿಯಿಲ್ಲ, ನೆನೆದತ್ತ ದೋಣಿ.
ಹೆಗಲ ಮೇಲೆ ಮಂಜಿನ ಕಂಬಳಿ,
ಬಿಚ್ಚಿ ಕೊಡವಿದರೆ ಇಡೀ ದ್ವೀಪ ಮಾಯ.
ವರ್ಷಕ್ಕೊಮ್ಮೆ ಅವನಿಗೆ ಗೇಣಿ, ಒಂದು ಹೊರೆ ಜೊಂಡು.

ಅಷ್ಟೇನಾ, ಎಂದೆ.
ನಮ್ಮ ಜಮ್ಮಾ ಗದ್ದೆಯ ಕಂದಾಯವೂ ಅಷ್ಟೇ ಹಗುರ;
ತಾತ ಕೋಟಿನ ಜೇಬಿನ ಚಿಲ್ಲರೆಯಲ್ಲೇ ಕಟ್ಟುತ್ತಿದ್ದರು.

ಸಿಸ್ಟರ್ ಕಡಲು ಕಂಡು ಇಪ್ಪತ್ತೆರಡು ವರ್ಷ.
ತಡಿಯಂಡಮೋಳಿನ ನೆತ್ತಿಯಿಂದ ಕಾಣುತ್ತದಂತೆ
ಆಕಾಶ ತೊಳೆದ ದಿನ.
ಹತ್ತಿದೆವು. ಹೊಳೆಬದಿಯ ಜೊಂಡು ನನ್ನ ಕಂಕುಳಲ್ಲಿ.
ಕಾಣಲಿಲ್ಲ. ಬಿಳಿ, ಬರೀ ಬಿಳಿ,
ನನ್ನ ಕೈಯೇ ನನಗೆ ಸಿಗದಷ್ಟು.
"ಬಂದಿದ್ದಾನೆ," ಅಂದರು,
ತಡವಾಗಿ ಬಂದ ಹುಡುಗರನ್ನು ಬೈಯುವ ದನಿಯಲ್ಲಿ.
ಜೊಂಡು ಅಲ್ಲೇ ಇಟ್ಟೆ, ಹಾರದಂತೆ ಮೇಲೊಂದು ಕಲ್ಲು.

ಅವರು ಹೋದ ಮೇಲೆ, ಒಂದು ಮಾರ್ಚ್,
ಹೂಮಳೆ ಬಿದ್ದ ಒಂಬತ್ತನೇ ದಿನ
ಬೆಳಗಾಗುವುದರೊಳಗೆ ಕಾಫಿ ತೋಟವೆಲ್ಲ ನೊರೆ.
ಕತೆಯಲ್ಲಿ ಬಿಟ್ಟುಹೋಗಿದ್ದ ತುಂಡು ಆಗ ನೆನಪಾಯಿತು:
ನಮಗೆ ಅಲೆಯಾದದ್ದು ಅವನಿಗೆ ಹೂಬಯಲು,
ಅದರ ಮೇಲೆಯೇ ರಥ ಹೊಡೆಯುತ್ತಾನಂತೆ.
ಹಾಗಾದರೆ ಇದು?

ಸಿಲ್ವರ್ ಮರದ ಬುಡದಲ್ಲಿ ಚಪ್ಪಲಿ ಬಿಟ್ಟು
ಮೆಲ್ಲಗೆ ಕಾಲಿಟ್ಟೆ,
ಎಷ್ಟು ಆಳವೋ ಏನೋ ಎಂದು.