ಹನ್ನೊಂದನೆಯ ಕಿಟಕಿ

ಬುಡಾಪೆಸ್ಟಿನ ಹಳೆಯ ಟ್ರಾಮ್ ಶೆಡ್ಡಿನೊಳಗೆ
ಸಿನಿಮಾಕ್ಕೆಂದು ರಟ್ಟಿನ ಕಚೇರಿ ಎಬ್ಬಿಸಿದ್ದರು.
ಹನ್ನೊಂದನೆಯ ಕಿಟಕಿಗೆ ಎತೆಲ್ಕಾ:
ಮೂವತ್ತು ವರ್ಷ ನಿಜದ ಗುಮಾಸ್ತೆ, ಈಗ ದಿನಗೂಲಿ ನಟಿ.
ಮಾತು ಒಂದೇ, ‘ನಾಳೆ ಬಾ.’

ಮೂರನೆಯ ಟೇಕಿಗೆ
ಸಾಲಿನಲ್ಲೊಬ್ಬ ಮುದುಕ, ಪಾತ್ರಪಟ್ಟಿಯಲ್ಲಿಲ್ಲದವನು,
ಒದ್ದೆ ಟೊಪ್ಪಿಗೆಯಿಂದ ಕಾಗದ ತೆಗೆದ:
‘ನಾನು ಸತ್ತಿಲ್ಲವೆಂದು ಒಂದು ಮೊಹರು, ತಾಯೀ.’
ಮೊಹರು ಸಾಬೂನಿನಲ್ಲಿ ಕೆತ್ತಿದ್ದು.

ನಿರ್ದೇಶಕ ‘ಕಟ್’ ಅಂದ.
ಲೈಟು ಆರಿತು. ಗೋಡೆ ಮಡಚಿ ಲಾರಿಗೇರಿಸಿದರು.
ಸಾಲು ಕದಲಲಿಲ್ಲ;
ಬಾಗಿಲಾಚೆ, ಟ್ರಾಮ್ ಕಂಬಿಯ ಗುಂಟ, ಸೇತುವೆ ದಾಟಿ
ಬೆಳೆದಿತ್ತು.

ಎತೆಲ್ಕಾ ಕೋಟು ತೊಟ್ಟಳು, ಬಿಚ್ಚಿದಳು.
ಗಾಳಿಯಲ್ಲಿ ಉಳಿದಿದ್ದ ಕಿಟಕಿಯ ಹಿಂದೆ ಕೂತು
ಸಾಬೂನಿಗೆ ಉಗುಳು ಹಚ್ಚಿ
ಒತ್ತಿದಳು.

ಅವನ ಅಂಗೈಯಲ್ಲಿ
ನೊರೆ.